ಗೂಡ್ಸ್ ಗಾರ್ಡಿನಿಂದ ಪ್ಯಾಸೆಂಜರ್ ಗಾರ್ಡಿಗೆ: ಕೊನೆಯ ಡಬ್ಬಿಯ ಚರಿತ್ರೆ

ಬೇಸಿಗೆಯ ರಜೆ ಹತ್ತಿರ ಬಂದಿತೆಂದರೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ರೈಲಿನದೇ ಮಾತು. ಟಿಕೆಟ್ ಸಿಕ್ಕಿತೆ, ವೇಟಿಂಗ್ ಲಿಸ್ಟ್ ಎಷ್ಟಕ್ಕೆ ಇಳಿಯಿತು, ಯಾವ ಗಾಡಿ ಊರಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂಬ ಚರ್ಚೆಯಲ್ಲಿ ತಟ್ಟೆಯ ಅನ್ನ ಆರಿಹೋಗುತ್ತದೆ. ಗಾಡಿಯಲ್ಲಿ ಕುಳಿತ ಮೇಲೆ ನಮಗೆ ಟಿ.ಟಿ.ಇ. ಗೊತ್ತು, ಚಹ ಮಾರುವವನು ಗೊತ್ತು, ಎಂಜಿನ್ ನಡೆಸುವ ಡ್ರೈವರನ ಬಗೆಗೆ ಮಕ್ಕಳಿಗೆ ಕುತೂಹಲವೂ ಉಂಟು. ಆದರೆ ಕೊನೆಯ ಡಬ್ಬಿಯ ಬಾಗಿಲಲ್ಲಿ ನಿಂತು ಹಸಿರು ಬಾವುಟ ಬೀಸುವ ಗಾರ್ಡನ್ನು ನಾವು ಸರಿಯಾಗಿ ನೋಡುವುದು ಗಾಡಿ ತಪ್ಪಿದಾಗ ಮಾತ್ರ. ಬ್ಯಾಗು ಹಿಡಿದು ಏದುಸಿರು ಬಿಡುತ್ತ ನಿಂತ ನಮ್ಮ ಕಣ್ಣೆದುರು ಕಟ್ಟಕಡೆಗೆ ದಾಟಿಹೋಗುವ ಮನುಷ್ಯ ಅವನೇ.

ನನಗೆ ಈ ಮನುಷ್ಯನ ಪರಿಚಯ ಚಿಕ್ಕಂದಿನಿಂದ ಇದೆ. ಹುಬ್ಬಳ್ಳಿಯಲ್ಲಿ ನನ್ನ ಸೋದರಮಾವ ಗಾರ್ಡಾಗಿದ್ದರು. 1973ರಲ್ಲಿ ಪಾಯಿಂಟ್ಸ್‌ಮನ್ ಆಗಿ ರೈಲ್ವೆ ಸೇರಿದ ಅವರು ಇಲಾಖೆಯ ಪರೀಕ್ಷೆ ಪಾಸು ಮಾಡಿ 1981ರಲ್ಲಿ ಗೂಡ್ಸ್ ಗಾರ್ಡಾದರು. ಪ್ಯಾಸೆಂಜರ್ ಗಾಡಿಯ ಗಾರ್ಡಾಗಲು ಮತ್ತೆ ಹದಿನಾರು ವರ್ಷ ಬೇಕಾಯಿತು. ಆ ಬಡ್ತಿಯ ಆಜ್ಞೆ ಬಂದ ದಿನ ಮಾಮಿ ಓಣಿಗೆಲ್ಲ ಪೇಡೆ ಹಂಚಿದ್ದರು. ಬಾವುಟ ಅದೇ, ದೀಪ ಅದೇ, ಸೀಟಿ ಅದೇ. ಇಷ್ಟು ಸಂತೋಷವೇಕೆ ಎಂದು ನನಗೆ ಆಗ ಅರ್ಥವಾಗಿರಲಿಲ್ಲ. ಬಿ.ಎಸ್ಸಿ. ಮುಗಿಸಿದ ಮೇಲೆ ನಾನೂ ಗೂಡ್ಸ್ ಗಾರ್ಡ್ ಹುದ್ದೆಗೆ ಅರ್ಜಿ ಹಾಕಿ, ಪರೀಕ್ಷೆಯಲ್ಲಿ ಸೋತು, ಕೊನೆಗೆ ಕೇಂದ್ರ ಸರ್ಕಾರದ ಬೇರೊಂದು ಕಚೇರಿಯಲ್ಲಿ ಗುಮಾಸ್ತನಾಗಿ ಈ ಮಹಾನಗರಕ್ಕೆ ಬಂದೆ. ಸಿಗದೆ ಹೋದ ಕೆಲಸದ ಚರಿತ್ರೆಯನ್ನಾದರೂ ತಿಳಿಯೋಣವೆಂದು ಓದುತ್ತ ಹೋದಂತೆ ಮಾಮಿಯ ಪೇಡೆಯ ಅರ್ಥ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಅದನ್ನು ಓದುಗರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಹೆಸರು ಬಂದ ಬಗೆ

‘ಗಾರ್ಡ್’ ಎಂದರೆ ಕಾವಲುಗಾರ. ರೈಲಿನಲ್ಲಿ ಕಾವಲು ಯಾವುದಕ್ಕೆ? ಉತ್ತರಕ್ಕಾಗಿ ರೈಲು ಹುಟ್ಟುವ ಮುಂಚಿನ ಇಂಗ್ಲೆಂಡಿಗೆ ಹೋಗಬೇಕು. 1784ರ ಆಗಸ್ಟಿನಲ್ಲಿ ಬ್ರಿಸ್ಟಲ್‌ನಿಂದ ಲಂಡನ್ನಿಗೆ ಮೊದಲ ಟಪಾಲು ಸಾರೋಟು ಓಡಿತು. ಬಾತ್ ನಗರದ ಜಾನ್ ಪಾಮರ್ ಎಂಬಾತನ ಯೋಜನೆ ಅದು. ದಾರಿಯಲ್ಲಿ ದರೋಡೆಕೋರರ ಕಾಟವಿದ್ದುದರಿಂದ ಟಪಾಲು ಚೀಲಗಳ ಬಳಿ ಕೋವಿ, ಪಿಸ್ತೂಲು ಹಿಡಿದ ಒಬ್ಬ ಕಾವಲುಗಾರನನ್ನು ಹಿಂಬದಿಯಲ್ಲಿ ಕೂರಿಸಿದರು. ಅವನ ಕೈಗೆ ಒಂದು ಕಹಳೆಯನ್ನೂ ಒಂದು ಗಡಿಯಾರವನ್ನೂ ಕೊಟ್ಟರು. ಸಾರೋಟು ಎಲ್ಲಿ ಎಷ್ಟು ಹೊತ್ತಿಗೆ ಮುಟ್ಟಿತೆಂದು ಬರೆದಿಡುವ ಹೊಣೆಯೂ ಅವನದೇ ಆಯಿತು. ಮುಂದೆ ಕುಳಿತವನು ಕುದುರೆ ಓಡಿಸಲಿ. ಪ್ರಯಾಣದ ಯಜಮಾನಿಕೆ ಹಿಂದೆ ಕುಳಿತವನದು.

1830ರಲ್ಲಿ ಲಿವರ್‌ಪೂಲ್-ಮ್ಯಾಂಚೆಸ್ಟರ್ ರೈಲು ಆರಂಭವಾದ ಮೇಲೆ ಟಪಾಲೂ ಜನರೂ ಸಾರೋಟಿನಿಂದ ರೈಲಿಗೆ ಬಂದರು. ಗಾರ್ಡಿನ ಹೆಸರೂ ಅವರ ಜೊತೆಗೇ ಬಂತು. ಕೋವಿ ಹೋಯಿತು, ಗಡಿಯಾರ ಉಳಿಯಿತು. ಕಹಳೆಯ ಜಾಗಕ್ಕೆ ಸೀಟಿ ಬಂತು. ಆರಂಭದ ಕಾಲದಲ್ಲಿ ಈ ಗಾರ್ಡುಗಳು ಡಬ್ಬಿಯ ಮಾಳಿಗೆಯ ಮೇಲಿನ ಆಸನದಲ್ಲಿ, ಹೊಗೆ ಮಳೆಗಳ ನಡುವೆ ಕುಳಿತು ಹೋಗುತ್ತಿದ್ದರೆಂಬುದನ್ನು ಕೇಳಿದರೆ ಇಂದು ಆಶ್ಚರ್ಯವಾಗುತ್ತದೆ.

ಮೊದಲು ಕಲ್ಲು, ಆಮೇಲೆ ಜನ

ಲೋಕದಲ್ಲಿ ಹಲವು ಕಡೆ ರೈಲು ಹಳಿ ಮೊದಲು ಹೊತ್ತದ್ದು ಸರಕನ್ನು. ಇಂಗ್ಲೆಂಡಿನಲ್ಲಿ 1825ರ ಸ್ಟಾಕ್ಟನ್-ಡಾರ್ಲಿಂಗ್ಟನ್ ಮಾರ್ಗ ಹುಟ್ಟಿದ್ದು ಕಲ್ಲಿದ್ದಲಿಗಾಗಿ. ನಮ್ಮ ದೇಶದ ರೈಲು ಚರಿತ್ರೆಯನ್ನು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 14 ಡಬ್ಬಿಗಳಲ್ಲಿ 400 ಅತಿಥಿಗಳನ್ನು ಹೊತ್ತು ಹೋದ ಗಾಡಿಯಿಂದ ಆರಂಭಿಸುವುದು ವಾಡಿಕೆ. ಮುಂಬಯಿಯಲ್ಲಿರುವ ನಮಗೆ ಅದೊಂದು ಹೆಮ್ಮೆ ಕೂಡ. ಆದರೆ ಅದಕ್ಕೂ ಹದಿನಾರು ವರ್ಷ ಮೊದಲು, 1837ರಲ್ಲಿ, ಮದರಾಸಿನ ಬಳಿಯ ರೆಡ್ ಹಿಲ್ಸ್‌ನಲ್ಲಿ ರಸ್ತೆಗೆ ಬೇಕಾದ ಕಲ್ಲು ಸಾಗಿಸಲು ಹಳಿ ಹಾಕಿದ್ದರು. 1851ರಲ್ಲಿ ರೂರ್ಕಿಯ ಹತ್ತಿರ ಗಂಗಾ ಕಾಲುವೆಯ ಸೋಲಾನಿ ಮೇಲ್ಗಾಲುವೆ ಕಟ್ಟುವಾಗ ಮಣ್ಣು ಹೊರಲು ಉಗಿ ಎಂಜಿನ್ನೇ ಓಡಿತ್ತು. ನಮ್ಮ ನೆಲದಲ್ಲಿಯೂ ಜನಕ್ಕಿಂತ ಮೊದಲು ರೈಲು ಹತ್ತಿದ್ದು ಕಲ್ಲು, ಮಣ್ಣು.

ಇದು ಹಳೆಯ ಕಾಲದ ಮಾತಷ್ಟೇ ಅಲ್ಲ. ಹಾಸನ-ಮಂಗಳೂರು ಮಾರ್ಗದ ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟ ನಮ್ಮಲ್ಲಿ ಹಲವರಿಗೆ ಗೊತ್ತು. 57 ಸುರಂಗಗಳ, 50 ಅಡಿಗೆ ಒಂದಡಿ ಇಳಿಯುವ ದಾರಿ ಅದು. 1979ರಲ್ಲಿ ಮೀಟರ್ ಗೇಜಾಗಿ ಪೂರ್ಣಗೊಂಡ ಈ ಮಾರ್ಗವನ್ನು ಬ್ರಾಡ್ ಗೇಜ್ ಮಾಡಲು 1996ರಲ್ಲಿ ಮುಚ್ಚಿದರು. ಮತ್ತೆ ತೆರೆದಾಗ 2006ರಲ್ಲಿ ಮೊದಲು ಓಡಿದ್ದು ಗೂಡ್ಸ್ ಗಾಡಿ. ಪ್ರಯಾಣಿಕರ ಗಾಡಿ ಬಂದದ್ದು 2007ರ ಡಿಸೆಂಬರಿನಲ್ಲಿ. ದಕ್ಷಿಣ ಕನ್ನಡದ ಜನ ಆ ಒಂದೂವರೆ ವರ್ಷ ‘ಅದುರು ಹೋಗುವ ದಾರಿಯಲ್ಲಿ ನಾವೇಕೆ ಹೋಗಬಾರದು’ ಎಂದು ಕೇಳುತ್ತಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸರಕಿಗೆ ಒಪ್ಪಿಗೆಯಾದ ಹಳಿ ಜನರಿಗೆ ಒಪ್ಪಿಗೆಯಾಗಬೇಕಾದರೆ ಇನ್ನೊಂದು ಪರೀಕ್ಷೆ ದಾಟಬೇಕೆಂಬುದು ರೈಲ್ವೆಯ ಹಳೆಯ ಪದ್ಧತಿ. ಹಳಿಗೆ ಅನ್ವಯಿಸುವ ಈ ನಿಯಮ ಮನುಷ್ಯನಿಗೂ ಅನ್ವಯಿಸುತ್ತದೆ. ಗಾರ್ಡೂ ಮೊದಲು ಸರಕಿನೊಡನೆ ಓಡಬೇಕು, ಆಮೇಲೆ ಜನರೊಡನೆ.

ಒಂದು ದುರಂತ ಕಲಿಸಿದ ಪಾಠ

ಗೂಡ್ಸಿಗೂ ಪ್ಯಾಸೆಂಜರಿಗೂ ಇರುವ ವ್ಯತ್ಯಾಸ ಕಾನೂನಿನಲ್ಲಿ ಬರೆಯಲ್ಪಟ್ಟದ್ದು ಒಂದು ಘೋರ ದುರಂತದ ತರುವಾಯ. 1889ರ ಜೂನ್ 12ರಂದು ಐರ್ಲೆಂಡಿನ ಅರ್ಮಾ ಪಟ್ಟಣದಿಂದ ಭಾನುವಾರದ ಶಾಲೆಯ ಮಕ್ಕಳನ್ನು ಸಮುದ್ರತೀರಕ್ಕೆ ಕರೆದೊಯ್ಯುವ ವಿಶೇಷ ಗಾಡಿ ಹೊರಟಿತು. ಏರುದಾರಿಯಲ್ಲಿ ಎಂಜಿನ್ನಿಗೆ ಶಕ್ತಿ ಸಾಲದೆ ಗಾಡಿ ನಿಂತಿತು. ಗಾಡಿಯ ಮುಂದಿನ ಭಾಗವನ್ನು ಬಿಡಿಸಿ ಮುಂದಿನ ನಿಲ್ದಾಣದಲ್ಲಿ ಬಿಟ್ಟು, ತಿರುಗಿ ಬಂದು ಉಳಿದುದನ್ನು ಒಯ್ಯೋಣವೆಂದು ನಿರ್ಧರಿಸಿದರು. ಹಿಂದಿನ ಹತ್ತು ಡಬ್ಬಿಗಳನ್ನು ಇಳಿಜಾರಿನಲ್ಲಿ ಹಿಡಿದಿದ್ದುದು ಕೊನೆಯ ವ್ಯಾನಿನ ಒಂದು ಕೈಬ್ರೇಕು ಮತ್ತು ಚಕ್ರಗಳಿಗೆ ಕೊಟ್ಟ ಕಲ್ಲುಗಳು. ಮುಂದಿನ ಭಾಗ ಹೊರಡುವಾಗ ತುಸು ಹಿಂದಕ್ಕೆ ಸರಿದು ತಾಗಿತು, ಕಲ್ಲುಗಳು ಪುಡಿಯಾದವು. ಹತ್ತು ಡಬ್ಬಿಗಳು ಮಕ್ಕಳ ಸಮೇತ ಇಳಿಜಾರಿನಲ್ಲಿ ಉರುಳಿ, ಹಿಂದಿನಿಂದ ಬರುತ್ತಿದ್ದ ಗಾಡಿಗೆ ಅಪ್ಪಳಿಸಿದವು. ಸತ್ತವರು 80 ಮಂದಿ.

ಆ ಗಾಡಿಯಲ್ಲಿ ನಿರ್ವಾತದ ಬ್ರೇಕ್ ಇತ್ತು. ಆದರೆ ಕೊಳವೆ ಬಿಚ್ಚಿದ ಕೂಡಲೇ ಅದು ಕೆಲಸ ನಿಲ್ಲಿಸುವ ಬಗೆಯದು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಪ್ರಯಾಣಿಕರ ಗಾಡಿಗಳಿಗೆಲ್ಲ ತಾನಾಗಿ ಹಿಡಿಯುವ, ಎಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೆ ಹರಿಯುವ ಬ್ರೇಕ್ ಕಡ್ಡಾಯ ಮಾಡಿತು. ಇದರ ತತ್ವ ಸರಳ. ಕೊಳವೆಯಲ್ಲಿ ನಿರ್ವಾತವಿರುವವರೆಗೆ ಬ್ರೇಕ್ ಬಿಟ್ಟಿರುತ್ತದೆ. ಎಲ್ಲಿಯಾದರೂ ಕೊಳವೆ ತುಂಡಾದರೆ ಗಾಳಿ ನುಗ್ಗಿ ಬ್ರೇಕ್ ತಾನೇ ಹಿಡಿಯುತ್ತದೆ. ಇಂದಿನ ಏರ್ ಬ್ರೇಕಿನಲ್ಲಿ ನಿರ್ವಾತದ ಬದಲು ಒತ್ತಿದ ಗಾಳಿ ಇದೆ. ಒತ್ತಡ ಇಳಿದರೆ ಬ್ರೇಕ್ ಬೀಳುತ್ತದೆ. ಎರಡರಲ್ಲಿಯೂ ‘ಕೆಟ್ಟರೆ ನಿಲ್ಲಬೇಕು’ ಎಂಬುದೇ ಸೂತ್ರ.

ಗೂಡ್ಸ್ ಗಾಡಿಗಳಿಗೆ ಆ ಕಾನೂನು ಅನ್ವಯವಾಗಲಿಲ್ಲ. ಬ್ರಿಟನ್ನಿನಲ್ಲಿ ಅನಂತರವೂ ಹಲವು ದಶಕ ಗೂಡ್ಸ್ ಗಾರ್ಡು ತನ್ನ ವ್ಯಾನಿನ ಕೈಬ್ರೇಕಿನ ಗಾಲಿಯನ್ನು ತಿರುಗಿಸುತ್ತ, ಸಡಿಲ ಕೊಂಡಿಗಳು ಜಗ್ಗಿ ತುಂಡಾಗದಂತೆ ಗಾಡಿಯನ್ನು ಬಿಗಿಹಿಡಿದು ಇಳಿಸುತ್ತಿದ್ದ. ದಾರಿಯ ಏರಿಳಿತವೆಲ್ಲ ಅವನ ಮೊಣಕೈಗೆ ಗೊತ್ತಿರಬೇಕಿತ್ತು. ಗಾಡಿಯ ಭಾರವೇನೆಂಬುದನ್ನು ಮೈಯಿಂದ ಕಲಿಯುವ ಪಾಠಶಾಲೆ ಅದು.

ನಮ್ಮ ದೇಶದಲ್ಲಿ ಏಣಿ ಮುರಿದಿದ್ದ ಕಾಲ

ಭಾರತದಲ್ಲಿ ಈ ಬಡ್ತಿಗೆ ಇನ್ನೊಂದು ಅಡ್ಡಗೋಡೆ ಇತ್ತು. ಅದು ಬಣ್ಣದ್ದು. ಬ್ರಿಟಿಷರ ಕಾಲದ ಕಂಪನಿ ರೈಲ್ವೆಗಳಲ್ಲಿ ಮೇಲ್ ಗಾಡಿಗಳ ಡ್ರೈವರು, ಗಾರ್ಡುಗಳ ಕೆಲಸ ಬಹುಕಾಲ ಐರೋಪ್ಯರ ಮತ್ತು ಆಂಗ್ಲೋ-ಇಂಡಿಯನ್ನರ ಕೈಯಲ್ಲಿತ್ತು. ಭಾರತೀಯನಿಗೆ ಹೆಚ್ಚಾಗಿ ಸಿಗುತ್ತಿದ್ದುದು ಬ್ರೇಕ್ಸ್‌ಮನ್ ಕೆಲಸ, ಬಹಳವೆಂದರೆ ಗೂಡ್ಸ್ ಅಥವಾ ಸಣ್ಣ ಶಾಖಾ ಮಾರ್ಗದ ಗಾರ್ಡಿಕೆ. ಸರಕನ್ನು ನಂಬಿ ಒಪ್ಪಿಸಬಹುದಾದ ಮನುಷ್ಯನಿಗೆ ಸಾಹೇಬರು ಕುಳಿತ ಮೇಲ್ ಗಾಡಿಯನ್ನು ಒಪ್ಪಿಸಲು ಮನಸ್ಸಿರಲಿಲ್ಲ.

ನಮ್ಮ ಉತ್ತರ ಕರ್ನಾಟಕಕ್ಕೆ ರೈಲು ತಂದ ಸದರ್ನ್ ಮರಾಠಾ ರೈಲ್ವೆ 1882ರಲ್ಲಿ ಸ್ಥಾಪನೆಯಾಯಿತು. ಅದರ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಇಂದು ಕರ್ನಾಟಕ ಕಾಲೇಜು ಎಂದು ನಾವು ಕರೆಯುವ ಹಳೆಯ ಕಟ್ಟಡ ಅದೇ. ಆ ಕಂಬಗಳ ನಡುವೆ ಓಡಾಡಿದ ನಮ್ಮಂಥ ವಿದ್ಯಾರ್ಥಿಗಳಲ್ಲಿ ಎಷ್ಟು ಜನಕ್ಕೆ ಅಲ್ಲಿ ಒಂದು ಕಾಲಕ್ಕೆ ರೈಲ್ವೆಯ ಕಡತಗಳಿದ್ದವೆಂದು ಗೊತ್ತು! 1885ರಲ್ಲಿ ಹುಬ್ಬಳ್ಳಿಯಲ್ಲಿ ಕಾರ್ಖಾನೆ ಬಂತು. 1908ರಲ್ಲಿ ಕಂಪನಿ ಮದರಾಸ್ ರೈಲ್ವೆಯೊಡನೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. ಹುಬ್ಬಳ್ಳಿಯಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ಒಂದು ಸಮಾಜವೇ ಬೆಳೆಯಿತು. ಅವರೂ ಕಷ್ಟದ ಕೆಲಸ ಮಾಡಿದವರೇ. ದೋಷ ಅವರದಲ್ಲ, ಏಣಿಯನ್ನು ಹಾಗೆ ಕಟ್ಟಿದವರದು.

1920-21ರಲ್ಲಿ ವಿಲಿಯಂ ಆಕ್‌ವರ್ತ್ ಅಧ್ಯಕ್ಷತೆಯ ಸಮಿತಿ ಭಾರತದ ರೈಲ್ವೆಗಳನ್ನು ಪರಿಶೀಲಿಸಿತು. ಆಗ ದುಡಿಯುತ್ತಿದ್ದ ಸುಮಾರು ಏಳು ಲಕ್ಷ ಜನರಲ್ಲಿ ಐರೋಪ್ಯರು ಕೇವಲ ಏಳು ಸಾವಿರದಷ್ಟು. ಆದರೆ ಮೇಲಿನ ಜಾಗಗಳೆಲ್ಲ ಅವರವೇ ಎಂಬುದನ್ನು ಸಮಿತಿಯೇ ಎತ್ತಿ ತೋರಿಸಿತು. ಆ ಬಳಿಕ ಬಾಗಿಲು ನಿಧಾನವಾಗಿ ತೆರೆಯಿತು. 1947ರ ನಂತರ ಅನೇಕ ಆಂಗ್ಲೋ-ಇಂಡಿಯನ್ ಕುಟುಂಬಗಳು ದೇಶ ಬಿಟ್ಟವು. ಸ್ವತಂತ್ರ ಭಾರತದ ರೈಲ್ವೆಯಲ್ಲಿ ಗೂಡ್ಸ್ ಗಾರ್ಡು, ಸೀನಿಯರ್ ಗೂಡ್ಸ್ ಗಾರ್ಡು, ಪ್ಯಾಸೆಂಜರ್ ಗಾರ್ಡು, ಮೇಲ್-ಎಕ್ಸ್‌ಪ್ರೆಸ್ ಗಾರ್ಡು ಎಂಬ ಮೆಟ್ಟಿಲುಗಳು ಎಲ್ಲರಿಗೂ ಒಂದೇ ಆದವು. ಪದವಿ ಪಡೆದು ನೇರವಾಗಿ ಬರುವವನೂ ಪಾಯಿಂಟ್ಸ್‌ಮನ್ ಆಗಿದ್ದು ಪರೀಕ್ಷೆ ಬರೆದು ಬರುವವನೂ ಗೂಡ್ಸ್ ಮೆಟ್ಟಿಲಿನಿಂದಲೇ ಹತ್ತಬೇಕು. ಹುಬ್ಬಳ್ಳಿಯ ಸಾಧಾರಣ ಮನೆತನದ ಪಾಯಿಂಟ್ಸ್‌ಮನ್ನೊಬ್ಬ ಪ್ಯಾಸೆಂಜರ್ ಗಾರ್ಡಾದನೆಂದರೆ ಅದರ ಹಿಂದೆ ಇಷ್ಟು ಚರಿತ್ರೆ ಇದೆ. ಮಾಮಿಯ ಪೇಡೆಯ ಒಂದು ಅರ್ಥ ಇದು.

ಗೂಡ್ಸಿನ ಪಾಠಶಾಲೆ

ಇನ್ನೊಂದು ಅರ್ಥ ಮನೆಯ ಗಡಿಯಾರಕ್ಕೆ ಸಂಬಂಧಿಸಿದ್ದು. ಗೂಡ್ಸ್ ಗಾಡಿಗೆ ಟೈಮ್ ಟೇಬಲ್ ಇಲ್ಲ. ಸರಕು ತುಂಬಿದಾಗ, ಎಂಜಿನ್ ಸಿಕ್ಕಿದಾಗ, ದಾರಿ ಖಾಲಿಯಾದಾಗ ಅದು ಹೊರಡುತ್ತದೆ. ರಾತ್ರಿ ಎರಡು ಗಂಟೆಗೆ ಕಾಲ್ ಬಾಯ್ ಬಂದು ಬಾಗಿಲು ಬಡಿದು, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಹೋಗುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಮಾಮಿ ಎದ್ದು ಸ್ಟೋವ್ ಹೊತ್ತಿಸಿ ರೊಟ್ಟಿ ಪಲ್ಯ ಕಟ್ಟಿಕೊಡುವರು. ಮಾಮಾ ಯಾವಾಗ ಬರುವರೆಂದು ಕೇಳಿದರೆ ‘ಗಾಡಿ ಬಂದಾಗ’ ಎಂದೇ ಉತ್ತರ. ಹೊಸಪೇಟೆಯ ಕಡೆಯಿಂದ ಅದುರು ಹೊತ್ತ ಗಾಡಿಯೊಂದು ಪ್ಯಾಸೆಂಜರಿಗೆ ದಾರಿ ಬಿಟ್ಟು, ಎಕ್ಸ್‌ಪ್ರೆಸ್ಸಿಗೆ ದಾರಿ ಬಿಟ್ಟು, ಯಾವುದೋ ಸಣ್ಣ ಟೇಶನ್ನಿನ ಲೂಪ್ ಲೈನಿನಲ್ಲಿ ನಾಲ್ಕಾರು ಗಂಟೆ ನಿಲ್ಲುವುದು ಸಾಮಾನ್ಯ. ಬ್ರೇಕ್ ವ್ಯಾನಿನಲ್ಲಿ ದೀಪವಿಲ್ಲ, ಶೌಚಾಲಯವಿಲ್ಲ. ನಾಲ್ಕು ಗಾಲಿಯ ಆ ಪುಟ್ಟ ವ್ಯಾನು ಕೊನೆಯಲ್ಲಿರುವುದರಿಂದ ಇಡೀ ಗಾಡಿಯ ಜಗ್ಗಾಟ ಬಂದು ಬೀಳುವುದು ಅದರ ಮೇಲೆ.

ಈ ಬವಣೆಯ ವಿರುದ್ಧ ರೈಲ್ವೆ ಕಾರ್ಮಿಕರು ಎದ್ದದ್ದು 1970ರ ದಶಕದಲ್ಲಿ. 1973ರ ಮುಷ್ಕರದ ಫಲವಾಗಿ ಎಂಜಿನ್ ಸಿಬ್ಬಂದಿಯ ಒಂದು ಸರದಿಯನ್ನು ಹತ್ತು ಗಂಟೆಗೆ ಮಿತಿಗೊಳಿಸುವ ಮಾತನ್ನು ಸರ್ಕಾರ ಒಪ್ಪಿತು. 1974ರ ಮೇ 8ರಿಂದ 27ರವರೆಗೆ ನಡೆದ ಮಹಾ ಮುಷ್ಕರದ ಬೇಡಿಕೆಗಳಲ್ಲಿ ಎಂಟು ಗಂಟೆಯ ದುಡಿಮೆಯೂ ಒಂದು. ಅದರ ನಾಯಕ ಜಾರ್ಜ್ ಫರ್ನಾಂಡಿಸ್ ನಮ್ಮ ಮಂಗಳೂರಿನವರು. ಕೆಲಸ ಹುಡುಕಿಕೊಂಡು ಈ ಮುಂಬಯಿಗೆ ಬಂದು ಚೌಪಾಟಿಯ ಮರಳಿನ ಮೇಲೆ ಮಲಗಿ ಬೆಳೆದವರು. ಮುಷ್ಕರ ಮುರಿಯಿತು, ಸಾವಿರಾರು ಜನ ಜೈಲು ಕಂಡರು, ಅನೇಕರು ಕೆಲಸ ಕಳೆದುಕೊಂಡರು. ಆದರೆ ಕೇಳಿದ ಬೋನಸ್ 1979ರಲ್ಲಿ ಬಂತು. ಅದೇ ಜಾರ್ಜ್ 1989ರಲ್ಲಿ ರೈಲ್ವೆ ಮಂತ್ರಿಯಾಗಿ, 1990ರಲ್ಲಿ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾದದ್ದನ್ನು ಕರಾವಳಿಯ ಕನ್ನಡಿಗರು ಮರೆಯಲಾರರು.

ಇಷ್ಟಾದರೂ ಗೂಡ್ಸಿನ ವರ್ಷಗಳು ವ್ಯರ್ಥವೆಂದು ಮಾಮಾ ಎಂದೂ ಹೇಳಿದವರಲ್ಲ. ಒಂದು ಲೆಕ್ಕ ನೋಡೋಣ. 1980ರ ದಶಕದಿಂದ ಓಡುತ್ತಿರುವ ‘ಬಾಕ್ಸ್-ಎನ್’ ವ್ಯಾಗನ್ನು ತುಂಬಿದಾಗ ಸುಮಾರು 81 ಟನ್ ತೂಗುತ್ತದೆ. ಅಂಥ 58 ವ್ಯಾಗನ್ನುಗಳ ಗಾಡಿ ಎಂದರೆ ಸುಮಾರು 4,700 ಟನ್. ಉದ್ದ ಆರುನೂರು ಮೀಟರಿಗೂ ಹೆಚ್ಚು. ಎಂಜಿನ್ನಿನಲ್ಲಿ ಬ್ರೇಕ್ ಕೊಳವೆಯ ಒತ್ತಡ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ ಇದ್ದರೆ ಕೊನೆಯ ವ್ಯಾನಿನ ಮಾಪಕದಲ್ಲಿ 4.7 ಆದರೂ ತೋರಬೇಕು. ತೋರದಿದ್ದರೆ ನಡುವೆ ಎಲ್ಲಿಯೋ ಗಾಳಿ ಸೋರುತ್ತಿದೆ, ಅಥವಾ ಯಾರೋ ಒಂದು ಕಾಕ್ ತಿರುಗಿಸಿದ್ದಾರೆ. ಗಾರ್ಡು ಕತ್ತಲಲ್ಲಿ ದೀಪ ಹಿಡಿದು ಅಷ್ಟು ಉದ್ದವನ್ನೂ ನಡೆದು ನೋಡಬೇಕು. ಘಟ್ಟ ಇಳಿಯುವ ಗಾಡಿಯಾದರೆ ಇದರಲ್ಲಿ ಉದಾಸೀನ ಮಾಡಿದವನಿಗೆ ಎರಡನೆಯ ಅವಕಾಶವಿಲ್ಲ.

ಕೊನೆಯ ವಾಹನದ ಹಿಂದೆ ‘ಎಲ್.ವಿ.’ ಎಂದು ಬರೆದ ಒಂದು ಹಲಗೆ ತೂಗುತ್ತದೆ. ರಾತ್ರಿ ಕೆಂಪು ದೀಪ. ಗಾಡಿ ದಾಟಿದಾಗ ಟೇಶನ್ನಿನವರು ಅದನ್ನು ಕಂಡರೆ ಮಾತ್ರ ಗಾಡಿ ಪೂರ್ತಿ ಬಂದಿದೆ, ಅರ್ಧ ತುಂಡಾಗಿ ಹಿಂದೆ ಉಳಿದಿಲ್ಲ ಎಂದು ಖಾತ್ರಿ. ಆಮೇಲೆಯೇ ಹಿಂದಿನ ಗಾಡಿಗೆ ದಾರಿ. ಕೊನೆಯ ಡಬ್ಬಿ ಎಂದರೆ ರೈಲಿನ ಬಾಲವಲ್ಲ, ರೈಲಿನ ಸಾಕ್ಷಿ.

ಜನರೊಡನೆ ಮೊದಲ ದಿನ

ಪ್ಯಾಸೆಂಜರ್ ಗಾಡಿಯ ತೂಕ ಆ ಅದುರಿನ ಗಾಡಿಯ ಕಾಲು ಭಾಗದ ಆಸುಪಾಸು. ಬ್ರೇಕೂ ಸುಲಭ, ದಾರಿಯೂ ಸಲೀಸು, ಹೊರಡುವ ಹೊತ್ತೂ ಮುಟ್ಟುವ ಹೊತ್ತೂ ಮೊದಲೇ ಗೊತ್ತು. ಸಂಬಳದಲ್ಲಿ ಅಂಥ ದೊಡ್ಡ ವ್ಯತ್ಯಾಸವೂ ಉಳಿದಿಲ್ಲ. ಆರನೆಯ ವೇತನ ಆಯೋಗದ ನಂತರ ಗೂಡ್ಸ್ ಗಾರ್ಡಿಗೆ 2,800ರ ಗ್ರೇಡ್ ಪೇ ಇದ್ದರೆ, ಮೇಲಿನ ಮೂರು ಮೆಟ್ಟಿಲುಗಳಿಗೂ 4,200 ಒಂದೇ ಆಗಿತ್ತು. ಹಾಗಾದರೆ ಬದಲಾದದ್ದೇನು?

ಮಾಮಾ ತಮ್ಮ ಮೊದಲ ಪ್ಯಾಸೆಂಜರ್ ಗಾಡಿಯ ದಿನವನ್ನು ಆಗಾಗ ನೆನೆಯುತ್ತಿದ್ದರು. ಸಿಗ್ನಲ್ ಬಿದ್ದಿತ್ತು, ಹೊತ್ತಾಗಿತ್ತು, ಕೈಯಲ್ಲಿ ಹಸಿರು ಬಾವುಟ. ಬೀಸಬೇಕೆನ್ನುವಷ್ಟರಲ್ಲಿ ಪ್ಲಾಟ್‌ಫಾರ್ಮಿನ ನಡುವೆ ಒಬ್ಬ ಹೆಂಗಸು ಒಂದು ಕೂಸನ್ನು ಡಬ್ಬಿಯೊಳಗಿದ್ದವರ ಕೈಗೆ ಕೊಟ್ಟು, ಇನ್ನೊಂದು ಮಗುವಿಗಾಗಿ ತಿರುಗಿದ್ದು ಕಂಡಿತಂತೆ. ಬಾವುಟ ಕೆಳಗೇ ಉಳಿಯಿತು. ಅವಳು ಹತ್ತಿದ ಮೇಲೆ ಸೀಟಿ ಊದಿದರು. ಗಾಡಿ ಒಂದು ನಿಮಿಷ ತಡ. ಪ್ರಯಾಣದ ವರದಿಯಲ್ಲಿ ಆ ನಿಮಿಷಕ್ಕೂ ಕಾರಣ ಬರೆಯಬೇಕು, ಬರೆದರು. “ಗೂಡ್ಸಿನ್ಯಾಗ ಹದಿನಾರು ವರ್ಷ ಯಾವ ವ್ಯಾಗನ್ನೂ ಕೂಸು ಬಿಟ್ಟು ಇಳಿದಿರಲಿಲ್ಲ ನೋಡ ತಮ್ಮಾ” ಎಂದು ನಗುತ್ತಿದ್ದರು.

ಜನರ ಗಾಡಿಯಲ್ಲಿ ಚೈನ್ ಎಳೆಯುವವರಿದ್ದಾರೆ, ಬಾಗಿಲಲ್ಲಿ ಜೋತು ಬೀಳುವವರಿದ್ದಾರೆ, ಎದೆನೋವು ಬರುವವರಿದ್ದಾರೆ, ದಾರಿಯಲ್ಲಿ ಹೆರಿಗೆಯಾಗುವವರಿದ್ದಾರೆ. ಎಲ್ಲದಕ್ಕೂ ಕೊನೆಗೆ ಉತ್ತರ ಹೇಳಬೇಕಾದವನು ಗಾಡಿಯ ಒಟ್ಟು ಉಸ್ತುವಾರಿ ಹೊತ್ತ ಗಾರ್ಡು. ನಮ್ಮ ಲೋಕಲ್ ಗಾಡಿಯಲ್ಲಿ ಆತನ ಎರಡು ಬೆಲ್ಲಿಗೆ ಮೋಟರ್‌ಮನ್ ಹೊರಡುತ್ತಾನೆ. ಬೆಳಗಿನ ಗದ್ದಲದಲ್ಲಿ ಆ ಎರಡು ಬೆಲ್ಲಿಗೆ ಮುಂಚಿನ ಒಂದು ಕ್ಷಣದ ನೋಟದಲ್ಲಿ ಎಷ್ಟು ಕಾಲುಗಳ ಸುರಕ್ಷತೆ ಇದೆಯೆಂದು ಯೋಚಿಸಿದವರು ವಿರಳ.

ಇದೆಲ್ಲಕ್ಕಿಂತ ಕಠಿಣವಾದದ್ದು ಎರಡು ಟೇಶನ್ನುಗಳ ನಡುವೆ ಗಾಡಿ ಅಪಘಾತದಿಂದಲೋ ದೋಷದಿಂದಲೋ ನಿಂತಾಗಿನ ಕರ್ತವ್ಯ. ಗಾರ್ಡು ಕೆಂಪು ಬಾವುಟ ಅಥವಾ ಕೆಂಪು ದೀಪ ತೋರಿಸುತ್ತ ಹಿಂದಕ್ಕೆ ನಡೆಯಬೇಕು. ಬ್ರಾಡ್ ಗೇಜಿನಲ್ಲಿ 600 ಮೀಟರಿನಲ್ಲಿ ಹಳಿಯ ಮೇಲೆ ಒಂದು ಡಿಟೋನೇಟರ್, 1,200 ಮೀಟರಿನಲ್ಲಿ ಹತ್ತು ಹತ್ತು ಮೀಟರ್ ಅಂತರದಲ್ಲಿ ಮೂರು. ಹಿಂದಿನಿಂದ ಬರುವ ಎಂಜಿನ್ ಅದರ ಮೇಲೆ ಹಾದರೆ ಪಟಾಕಿಯಂತೆ ಸಿಡಿದು ಡ್ರೈವರನನ್ನು ಎಚ್ಚರಿಸುತ್ತದೆ. ಈಗ ಲೆಕ್ಕ ಹಾಕಿ. ಜಲ್ಲಿಕಲ್ಲಿನ ಮೇಲೆ ಬಿರುಸಾಗಿ ನಡೆದರೂ 1,200 ಮೀಟರಿಗೆ ಹದಿನಾಲ್ಕು ನಿಮಿಷ ಬೇಕು. ಗಂಟೆಗೆ ನೂರು ಕಿಲೋಮೀಟರ್ ವೇಗದ ಗಾಡಿ ಅದೇ ದೂರವನ್ನು 43 ಸೆಕೆಂಡುಗಳಲ್ಲಿ ದಾಟುತ್ತದೆ.

1995ರ ಆಗಸ್ಟ್ 20ರ ನಸುಕಿನಲ್ಲಿ ಉತ್ತರ ಪ್ರದೇಶದ ಫಿರೋಜಾಬಾದ್ ಬಳಿ ಕಾಲಿಂದಿ ಎಕ್ಸ್‌ಪ್ರೆಸ್ ಪ್ರಾಣಿಯೊಂದಕ್ಕೆ ಬಡಿದು ನಿಂತಿತು. ಬ್ರೇಕ್ ಬಿಡಲಿಲ್ಲ. ಹಿಂದೆ ಬಂದ ಪುರುಷೋತ್ತಮ ಎಕ್ಸ್‌ಪ್ರೆಸ್ಸಿಗೆ ಹಸಿರು ಸಿಗ್ನಲ್ ಸಿಕ್ಕಿತ್ತು. 300ಕ್ಕೂ ಹೆಚ್ಚು ಜನ ಸತ್ತರು. ತೀರ ಈಚೆಗೆ, 2024ರ ಜೂನ್ 17ರಂದು, ಬಂಗಾಳದ ರಂಗಾಪಾಣಿಯ ಬಳಿ ಕಾಂಚನಜಂಗಾ ಎಕ್ಸ್‌ಪ್ರೆಸ್ಸಿನ ಹಿಂಬದಿಗೆ ಗೂಡ್ಸ್ ಗಾಡಿ ಅಪ್ಪಳಿಸಿತು. ಸತ್ತವರಲ್ಲಿ ಗೂಡ್ಸಿನ ಲೋಕೋ ಪೈಲಟ್ ಮತ್ತು ಎಕ್ಸ್‌ಪ್ರೆಸ್ಸಿನ ಗಾರ್ಡು ಇಬ್ಬರೂ ಇದ್ದರು. ಕೊನೆಯ ಡಬ್ಬಿಗಳಲ್ಲಿ ಪಾರ್ಸೆಲ್ ವ್ಯಾನುಗಳಿದ್ದುದರಿಂದ ಇನ್ನೂ ಹೆಚ್ಚಿನ ಜೀವಹಾನಿ ತಪ್ಪಿತು. ಹಿಂದಿನಿಂದ ಬರುವ ಪೆಟ್ಟು ಮೊದಲು ತಾಗುವುದು ಗಾರ್ಡಿಗೆ ಎಂಬುದು ಬರಿಯ ಮಾತಲ್ಲ.

“ತಮ್ಮಾ, ಗೂಡ್ಸಿನ್ಯಾಗ ವರ್ಷಾನುಗಟ್ಲೆ ಕಲ್ತದ್ದನ್ನ ಪ್ಯಾಸೆಂಜರಿನ್ಯಾಗ ಒಂದ ನಿಮಿಷದಾಗ ತಗದು ಬಳಸೂ ಹೊತ್ತು ಬರ್ತೈತಿ. ಯಾವಾಗ ಬರ್ತೈತಿ ಅಂತ ಯಾರೂ ಮೊದ್ಲ ಹೇಳೂದಿಲ್ಲ” ಎಂದು ಮಾಮಾ ಹೇಳುತ್ತಿದ್ದರು. ಅವರಿಗೆ ಆ ಹೊತ್ತು ಬರಲೇ ಇಲ್ಲ. ಅದನ್ನೇ ತಮ್ಮ ನೌಕರಿಯ ದೊಡ್ಡ ಸಂಪಾದನೆ ಎಂದು ತಿಳಿದಿದ್ದರು.

ಕೆಳಗಿನ ಮೆಟ್ಟಿಲು

2022ರ ಜನವರಿಯಲ್ಲಿ ರೈಲ್ವೆ ಮಂಡಳಿ ಗಾರ್ಡ್ ಎಂಬ ಹೆಸರನ್ನು ಕೈಬಿಟ್ಟು ‘ಟ್ರೇನ್ ಮ್ಯಾನೇಜರ್’ ಎಂದು ಕರೆಯಿತು. ಗೂಡ್ಸ್ ಗಾರ್ಡು ಗೂಡ್ಸ್ ಟ್ರೇನ್ ಮ್ಯಾನೇಜರಾದ. ನೌಕರರೇ ಬಹುದಿನದಿಂದ ಕೇಳಿದ್ದ ಗೌರವವಿದು. ಸಂಬಳವೂ ಕೆಲಸವೂ ಬದಲಾಗಲಿಲ್ಲ. ಹೆಸರಿಗಿಂತ ದೊಡ್ಡ ಬದಲಾವಣೆ ಬೇರೆಡೆ ನಡೆಯುತ್ತಿದೆ. ಅಮೆರಿಕದಲ್ಲಿ 1980ರ ದಶಕದಲ್ಲಿಯೇ ಗೂಡ್ಸ್ ಗಾಡಿಗಳ ಕೊನೆಯ ವ್ಯಾನನ್ನು ತೆಗೆದು, ಒತ್ತಡವನ್ನು ರೇಡಿಯೋ ಮೂಲಕ ಎಂಜಿನ್ನಿಗೆ ತಿಳಿಸುವ ಪೆಟ್ಟಿಗೆಯನ್ನು ತೂಗುಹಾಕಿದರು. ಕಂಡಕ್ಟರು ಎಂಜಿನ್ನಿಗೆ ಬಂದು ಕುಳಿತ. ‘ಇ.ಓ.ಟಿ.ಟಿ.’ ಎಂಬ ಇಂಥದೇ ಸಾಧನ ನಮ್ಮಲ್ಲಿಯೂ ಪ್ರಯೋಗಕ್ಕೆ ಬಂದಿದೆ.

ವಿಜ್ಞಾನ ಓದಿದ ನಾನು ಯಂತ್ರದ ವಿರೋಧಿಯಲ್ಲ. ದೀಪವಿಲ್ಲದ ವ್ಯಾನಿನಲ್ಲಿ ಒಬ್ಬ ಮನುಷ್ಯನನ್ನು ರಾತ್ರಿಯಿಡೀ ಕುಲುಕಿಸುವುದರಲ್ಲಿ ಯಾವ ಪುಣ್ಯವೂ ಇಲ್ಲ. ಕೊಳವೆಯ ಒತ್ತಡವನ್ನು ಪೆಟ್ಟಿಗೆ ಮನುಷ್ಯನಿಗಿಂತ ಚೆನ್ನಾಗಿಯೇ ಅಳೆದೀತು. ಆದರೆ ಪ್ಯಾಸೆಂಜರ್ ಗಾಡಿಗೆ ಗಾರ್ಡು ಬೇಕೇ ಬೇಕೆಂದು ಎಲ್ಲರೂ ಒಪ್ಪುವುದಾದರೆ, ಆತ ಇದುವರೆಗೆ ಕಲಿತು ಬರುತ್ತಿದ್ದ ಶಾಲೆ ಮುಚ್ಚಿದ ಮೇಲೆ ಎಲ್ಲಿ ಕಲಿಯಬೇಕು? ಏಣಿಯ ಕೆಳಗಿನ ಮೆಟ್ಟಿಲನ್ನು ತೆಗೆಯುವವರು ಮೇಲಿನ ಮೆಟ್ಟಿಲಿಗೆ ಹತ್ತುವ ಬೇರೆ ದಾರಿಯನ್ನೂ ಕಟ್ಟಿಕೊಡಬೇಕು. ತರಬೇತಿಯ ಅವಧಿ ಹೆಚ್ಚಿಸಿಯೋ, ಅನುಭವಿ ಗಾರ್ಡಿನ ಜೊತೆಗೆ ಹೆಚ್ಚು ದಿನ ಓಡಿಸಿಯೋ ಅದನ್ನು ಸಾಧಿಸಬಹುದು. ಪೆಟ್ಟಿಗೆಯ ಬೆಲೆ ಲೆಕ್ಕ ಹಾಕುವಾಗ ಈ ಖರ್ಚನ್ನೂ ಸೇರಿಸಬೇಕೆಂದು ಲೆಕ್ಕಪತ್ರದ ನಡುವೆಯೇ ಬದುಕುವ ಒಬ್ಬ ಗುಮಾಸ್ತನ ವಿನಂತಿ.

ಈ ಸಲ ಊರಿಗೆ ಹೊರಟಾಗ ಗಾಡಿ ಹತ್ತುವ ಮುನ್ನ ಐದು ನಿಮಿಷ ಉಳಿದಿದ್ದರೆ, ಮಕ್ಕಳನ್ನು ಎಂಜಿನ್ನಿನ ಕಡೆಗೆ ಕರೆದೊಯ್ಯುವ ಬದಲು ಒಮ್ಮೆ ಕೊನೆಯ ಡಬ್ಬಿಯ ಕಡೆಗೆ ಕರೆದೊಯ್ಯಿರಿ. ಅಲ್ಲಿ ಬಿಳಿ ಸಮವಸ್ತ್ರದವರೊಬ್ಬರು ಗಡಿಯಾರ ನೋಡುತ್ತ ನಿಂತಿರುತ್ತಾರೆ. ಅವರು ನಮ್ಮ ಗಾಡಿಗೆ ಬರುವ ಮೊದಲು ಎಷ್ಟೋ ವರ್ಷ ಕಲ್ಲಿದ್ದಲು, ಸಿಮೆಂಟು, ಗೋಧಿಯ ಗಾಡಿಗಳ ಹಿಂದೆ ರಾತ್ರಿಗಳನ್ನು ಕಳೆದು ಬಂದವರೆಂದು ಮಕ್ಕಳಿಗೆ ಹೇಳಿರಿ. ಅವರಿಗೆ ಒಂದು ನಮಸ್ಕಾರ ಮಾಡಿದರೆ ಗಾಡಿಯೇನೂ ತಡವಾಗುವುದಿಲ್ಲ.